ದೊರೆಯಪ್ಪನ ಪಕ್ಕದ ಕಲ್ಲು

ಅಮೆರಿಕಕ್ಕೆ ಬಂದ ಮೂರೇ ತಿಂಗಳಿಗೆ, ಒಂದಕ್ಷರ ಇಂಗ್ಲಿಷ್ ಬರ್ದೆ, ಬಿಳಿಯರ ಕಳೆದುಹೋದ ತಾತನ್ನ ಹುಡುಕಿಕೊಟ್ಟವಳು ಭೂಮಂಡಲದಲ್ಲೇ ತಾನೊಬ್ಬಳು ಅಂತ ಜವರಮ್ಮ ಸಿಯಾಟಲ್ ಸುತ್ತಿನ ಶೋರ್‌ಲೈನ್‌ನಿಂದ ಓವರ್‌ಲೇಕ್ ತನಕ ಹೇಳ್ಕೊಂಡು ತಿರುಗ್ತಾಳೆ. ಅದ್ರಲ್ಲಿ ಅರ್ಧ ಸುಳ್ಳು ಅಂತ ಅವಳೇ ಒಪ್ಕೋತಾಳೆ. ಯಾವ ಅರ್ಧ ಅಂತ ಕೇಳಿದ್ರೆ ಮಾತ್ರ, "ಹೇಳಿದ್ರೆ ಕತೆ ಕೆಡ್ತದೆ" ಅಂತಾಳೆ.

ತಾತನ್ನ ಕಳ್ಕೊಂಡಿದ್ದವಳು ಪಕ್ಕದ ಮನೆ ಎಲ್ಸಿ. ಎಂಬತ್ತು ದಾಟಿದ ಮುದುಕಿ. ಅವಳಿಗೂ ಗಂಡ ಇಲ್ಲ, ಜವರಮ್ಮನಿಗೂ ಇಲ್ಲ. ಸ್ನೇಹಕ್ಕೆ ಅಷ್ಟು ಸಾಕಾಯ್ತು. ಬೇಲಿ ಮೇಲಿಂದ ಆ ಕಡೆ ಒಬ್ಬಟ್ಟು ಹೋಗೋದು, ಈ ಕಡೆ ಬ್ಲ್ಯಾಕ್‌ಬೆರಿ ಹಣ್ಣು ಬರೋದು. ಸೊಸೆ ಸುಪ್ರಿಯಾ ಮಧ್ಯೆ ನಿಂತು ಇಬ್ಬರ ಮಾತನ್ನೂ ಕನ್ನಡಕ್ಕೆ, ಇಂಗ್ಲಿಷಿಗೆ ತಿರುಗಿಸಿ ಹೇಳೋಳು.

ಎಲ್ಸಿಗೆ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರೋದೇ ಕೆಲ್ಸ. ಇಂಗ್ಲೆಂಡಲ್ಲಿ ಹತ್ತು ವರ್ಷಕ್ಕೊಂದ್ಸಲ ಮನೆಮನೆಗೂ ಹೋಗಿ ತಲೆ ಎಣಿಸಿದ ಹಳೇ ಜನಗಣತಿ ಎಲ್ಲಾ ಅದ್ರಲ್ಲಿತ್ತು. ಸಾವಿರದ ಎಂಟುನೂರ ತೊಂಬತ್ತೊಂದರಲ್ಲಿ ಅವಳ ತಾತ ಥಾಮಸ್ ಪೆಂಗೆಲ್ಲಿ ಅಪ್ಪ ಅಮ್ಮನ ಜೊತೆ ಇದಾನೆ. ಮುಂದಿನ ಗಣತಿಲಿ ಹೆಂಡ್ತಿ ಸೂಸನ್ ಇದಾಳೆ, ಕಂಕುಳಲ್ಲಿ ಹೆಣ್ಣು ಕೂಸು, ಅದೇ ಎಲ್ಸಿಯ ಅಮ್ಮ. ಗಂಡಸಿಲ್ಲ. ಮಧ್ಯೆ ಮದರಾಸಿಗೆ ಹೋದ ಹಡಗಿನ ಪಟ್ಟಿಲಿ ಅವನ ಹೆಸರಿದೆ. ಆಮೇಲೆ ಎಲ್ಲೂ ಇಲ್ಲ.

"ಅಮ್ಮ ಸಾಯೋ ತನಕ, ಅಪ್ಪ ಬಿಟ್ಟು ಓಡಿಹೋದ ಅಂತಲೇ ಬೈತಿದ್ಲು," ಅಂದ್ಲು ಎಲ್ಸಿ. "ಇಲ್ಲಿ ನಮ್ಮ ಸಮಾಧಿ ಕಲ್ಲಿನ ಮೇಲೆ, ಕೂಸಿನ ಜೊತೆ ಈ ದೇಶಕ್ಕೆ ಬಂದು ಸತ್ತ ಅಜ್ಜಿ ಹೆಸರಿನ ಪಕ್ಕ ಜಾಗ ಖಾಲಿ ಇದೆ. ಅವನು ಸತ್ತಿದ್ರೆ ಹೆಸರು ಕೆತ್ತಿಸ್ತೀನಿ. ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ರೆ ಖಾಲಿನೇ ಇರ್ಲಿ."

"ಯಾವ ಕೆಲ್ಸಕ್ಕೆ ಹೋದ್ನಂತೆ?"

"ನೀರಿಂದ ಕರೆಂಟ್ ತೆಗೆಯೋ ಕಡೆ ಅಂತೆ."

ಜವರಮ್ಮ ಹಣೆ ಚಚ್ಚಿಕೊಂಡ್ಲು. "ಅಯ್ಯೋ ಎಲ್ಸವ್ವ! ಆಗ ಲೋಕದಲ್ಲಿ ನೀರಿಂದ ಕರೆಂಟ್ ತೆಗೀತಿದ್ದದ್ದೇ ನಮ್ಮ ಶಿವನಸಮುದ್ರದಲ್ಲಿ ಕಣವ್ವ! ನಮ್ಮೂರ ಹುಣಸೆಮರದ ಕೆಳಗೆ ಆ ಕೆಲ್ಸಕ್ಕೆ ಬಂದು ಸತ್ತ ಒಬ್ಬ ಬಿಳಿ ದೊರೆ ಮಲಗವ್ನೆ. ದೊರೆಯಪ್ಪ ಅಂತೀವಿ. ದನ ಕಳೆದ್ರೆ ಒಂದು ಚುರುಟು ಹಚ್ಚಿ, ಮೊಟ್ಟೆ ಇಟ್ರೆ, ಸಂಜೆಗೆ ಮನೆಗೆ ಬತ್ತದೆ. ನನ್ನ ಗಂಡನೂ ಒಂದ್ಸಲ ಕಳೆದೋಗಿದ್ದ. ಹರಕೆ ಕಟ್ಟೋಕೆ ಹೋದ್ರೆ ಅಲ್ಲೇ ಕೂತಿದ್ದ, ದೊರೆಯಪ್ಪನ ಚುರುಟು ಸೇದ್ಕೊಂಡು."

ಸುಪ್ರಿಯಾ ಮಾವನ ವಿಷ್ಯ ಬಿಟ್ಟು ಮಿಕ್ಕಿದ್ದು ಹೇಳಿದ್ಲು.

ಊರಲ್ಲಿದ್ದ ಜವರಮ್ಮನ ತಮ್ಮನಿಗೆ ಫೋನ್ ಹೋಯ್ತು. ದೊರೆಯಪ್ಪನ ಕಲ್ಲಿನ ಮೇಲೆ ನೂರು ವರ್ಷದ ಎಣ್ಣೆ, ಅರಿಶಿನ, ಸುಣ್ಣ ಮೊಸಳೆ ಚರ್ಮದಂಗೆ ಕೂತಿತ್ತು. ಪೂಜಾರಿ ಅಡ್ಡ ನಿಂತ. "ದೇವ್ರ ಮೈ ಕೆರೆದು ಹೆಸರು ಓದೋದಾ? ಬ್ಯಾರೆ ಹೆಸರು ಬಂದ್ರೆ ಇಷ್ಟು ಕಾಲ ನಾವು ಕೈ ಮುಗಿದಿದ್ದು ಯಾರಿಗಲಾ?" ಕೊನೆಗೆ ದೇವ್ರನ್ನೇ ಕೇಳಾನ ಅಂತ ಹೂ ಮುಡಿಸಿದ್ರು. ಬಲಗಡೆ ಹೂ ಬಿತ್ತು. ಸೀಗೆಪುಡಿ ಹಾಕಿ ಉಜ್ಜಿದ್ರು.

ಫೋಟೋ ಈಮೇಲಲ್ಲಿ ಬಂತು. ಥಾಮಸ್ ಪೆಂಗೆಲ್ಲಿ, ಸಾವಿರದ ಒಂಬೈನೂರ ಒಂದು, ಜನವರಿ. ಅತ್ತ ಇಂಗ್ಲೆಂಡಲ್ಲಿ ತಲೆ ಎಣಿಸೋರು ಸೂಸನ್ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಇವನು ಸತ್ತು ಎರಡು ತಿಂಗಳಾಗಿತ್ತು. ಸುದ್ದಿ ಮಾತ್ರ ಸೂಸನ್‌ಗೆ ಮುಟ್ಟಿರಲಿಲ್ಲ.

ಎಲ್ಸಿ ಕಣ್ಣೊರೆಸ್ಕೊಂಡು ಫೋಟೋ ದೊಡ್ಡದು ಮಾಡಿದ್ಲು. ಪಕ್ಕದಲ್ಲಿ ಇನ್ನೊಂದು ಗಿಡ್ಡ ಕಲ್ಲು. ಮೇಲೆ ಕೆಂಪು ರವಿಕೆ ಕಣ, ಹಸಿರು ಬಳೆ, ಕುಂಕುಮ.

"ಇದ್ಯಾರು?"

ಸುಪ್ರಿಯಾ ಗೊತ್ತಿದ್ದನ್ನ ಗೊತ್ತಿದ್ದ ಹಾಗೇ ಹೇಳಿಬಿಟ್ಲು: "ಅವರ ಹೆಂಡತಿ."

ಎಲ್ಸಿ ಕಂಪ್ಯೂಟರ್ ಆಫ್ ಮಾಡಿದ್ಲು. ಒಂದು ವಾರ ಬೇಲಿ ಹತ್ರ ಬರಲಿಲ್ಲ. ಬ್ಲ್ಯಾಕ್‌ಬೆರಿ ಹಣ್ಣಾಗಿ ಉದುರಿದ್ವು.

ಜವರಮ್ಮನೇ ಸೊಸೇನ ಎಳ್ಕೊಂಡು ಹೋಗಿ ಅವಳ ಬಾಗಿಲು ಬಡಿದ್ಲು.

"ಎಲ್ಸವ್ವ, ನಮ್ಮ ಕಡೆ ಗಂಡುದೇವ್ರನ್ನ ಒಂಟಿಯಾಗಿ ಬುಡಲ್ಲ. ಬುಟ್ರೆ ಕಳೆದ ದನ ಹುಡುಕೋ ಬದ್ಲು ಅವ್ನೇ ದನ ಬಚ್ಚಿಡ್ತಾನೆ. ಅದ್ಕೇ ಇವ್ನು ಸತ್ತ ಮ್ಯಾಕೆ ಊರೋರು ಪಕ್ಕಕ್ಕೊಂದು ಕಲ್ಲು ನಿಲ್ಲಿಸಿ ಮದ್ವೆ ಮಾಡಿದ್ರು. ನಮ್ಮಜ್ಜಿ ಕಣ್ಣಾರೆ ಕಂಡವ್ಳು."

"ಯಾರ ಜೊತೆ ಮದ್ವೆ?"

"ಅವ್ನಿಗೆ ಎಷ್ಟು ಜನ ಹೆಂಡ್ರು?"

"ಒಬ್ಬಳೇ. ನಮ್ಮಜ್ಜಿ ಸೂಸನ್."

"ಇನ್ಯಾರು ಮತ್ತೆ? ನೂರು ವರ್ಷದಿಂದ ನಿಮ್ಮಜ್ಜಿಗೇ ಬಳೆ ತೊಡಿಸ್ತಾ ಇದೀವಿ. ಕೈ ಅಳತೆನೂ ಗೊತ್ತಿಲ್ದೆ."

ಸುಪ್ರಿಯಾ ಇದನ್ನ ಒಂದಕ್ಷರ ಬಿಡದೆ ಹೇಳಿದ್ಲು. ಎಲ್ಸಿ ಒಳಗೆ ಹೋಗಿ ಕಂಪ್ಯೂಟರ್ ಹಾಕಿ ಆ ಗಿಡ್ಡ ಕಲ್ಲನ್ನ ಮತ್ತೆ ನೋಡಿದ್ಲು. ಆಮೇಲೆ ಕೇಳಿದ್ದು ಒಂದೇ: "ಹಸಿರು ಬಳೆ ಸಿಯಾಟಲ್‌ನಲ್ಲಿ ಸಿಗುತ್ತಾ?"

ಮುಂದಿನ ತಿಂಗಳು ಖಾಲಿ ಜಾಗದಲ್ಲಿ ಥಾಮಸ್ ಹೆಸರು ಬಂತು. ಜವರಮ್ಮ ಸಮಾಧಿ ಕಲ್ಲಿಗೆ ಬಳೆ ಇಟ್ಟು, ಯಾರೂ ನೋಡದಂಗೆ ಒಂದು ಮೊಟ್ಟೇನೂ ಇಟ್ಟು ಬಂದ್ಲು.

ವಾಪಸ್ ಬರೋವಾಗ ಸುಪ್ರಿಯಾ ಸ್ಟೀರಿಂಗ್ ಹಿಡ್ಕೊಂಡೇ ಕೇಳಿದ್ಲು. "ಅತ್ತೆ, ಆ ಮದ್ವೆ ನೋಡಿದ ನಿಮ್ಮಜ್ಜಿ ಆಗ ಹುಟ್ಟಿದ್ರಾ?"

ಜವರಮ್ಮ ಕಿಟಕಿ ಆಚೆ ನೋಡಿದ್ಲು. "ಅಷ್ಟೊಂದು ಓದಿದೀಯಲ್ಲ ಮಗ. ಆ ಗಿಡ್ಡ ಕಲ್ಲು ಮೊದ್ಲೋ, ದೊರೆಯಪ್ಪನ ಸಾವು ಮೊದ್ಲೋ, ನೀನೇ ಊಹೆ ಮಾಡು ನೋಡಾನ."