ಆ ದಿನದ ಮೂರನೇ ಮಣ್ಣು

ಶಾಸಕ ಸುಂಕಪ್ಪನವರು ಐದು ಸಲ ಗೆದ್ದದ್ದು ಭಾಷಣದಿಂದಲ್ಲ, ಹೆಣಗಳಿಂದ. ಹೀಗಂದರೆ ಪಕ್ಷದವರು ನನ್ನ ಮೇಲೆ ಹರಿಹಾಯುತ್ತಾರೆ. ಹಾಯಲಿ ಬಿಡಿ. ಇಪ್ಪತ್ತಾರು ವರ್ಷ ಅವರ ಆಪ್ತ ಸಹಾಯಕನಾಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತವನು ನಾನು, ಈ ಕೊಟ್ರಸ್ವಾಮಿ. ನನಗಿಂತ ಬಲ್ಲವರು ಯಾರಿದ್ದಾರೆ? ಕೂಡ್ಲಿಗಿ ಸುತ್ತಮುತ್ತ ಯಾರೇ ಸಾಯಲಿ, ಮಣ್ಣು ಮಾಡುವ ಹೊತ್ತಿಗೆ ಸಾಹೇಬರು ಹಾಜರು. ಸತ್ತವನು ವೋಟು ಹಾಕಿದವನಿರಲಿ, ಬೈದವನಿರಲಿ. ಕ್ಷೇತ್ರ ಮರುವಿಂಗಡಣೆಯಾಗಿ ಊರುಗಳು ಅತ್ತಿತ್ತ ಹಂಚಿಹೋದವು. ಹಳೇ ಊರುಗಳ ಸಾವಿಗೆ ಹೋಗುವುದನ್ನು ಅವರು ಬಿಡಲಿಲ್ಲ. ಎರಡು ಸಲ ಸೋತು ಮನೆಯಲ್ಲಿ ಕೂತಾಗಲೂ ಬಿಡಲಿಲ್ಲ. "ರಸ್ತಿ ಮಾಡ್ಸಿದ್ದು ಮಂದಿ ಮರೀತಾರ, ಮಣ್ಣಿಗೆ ಬಂದಿದ್ದು ಮರಿಯಂಗಿಲ್ಲ" ಅನ್ನುತ್ತಿದ್ದರು. ಅದೇನು ಸುಳ್ಳಲ್ಲ.

ಅದಕ್ಕೊಂದು ಪದ್ಧತಿ ಇತ್ತು. ಊರು ಇನ್ನೊಂದು ಫರ್ಲಾಂಗು ಇದೆ ಅನ್ನುವಾಗ ನಾನು ಹಿಂದೆ ತಿರುಗಿ ಸತ್ತವರ ಹೆಸರೇನು, ಯಾರ ಪೈಕಿ, ಏನಾಗಿ ಸತ್ತರು ಅಂತ ಹೇಳಬೇಕು. ಸಾಹೇಬರು ಇಳಿದು ಹಾರ ಹಾಕಿ, ಕೈ ಮುಗಿದು, ಮನೆಯವರ ಹತ್ತಿರ ನಿಂತು ಸತ್ತವರ ಹೆಸರು ಹಿಡಿದು ಎರಡು ಮಾತಾಡಬೇಕು. ಹತ್ತೇ ನಿಮಿಷ. ಆಮೇಲೆ ಊರಾಚೆ ಕಾರು ನಿಲ್ಲಿಸಿ, ಡಿಕ್ಕಿಯಲ್ಲಿರುವ ಕ್ಯಾನಿನ ನೀರಲ್ಲಿ ಕೈಕಾಲು ಮುಖ ತೊಳೆದು, ಬೇರೆ ಬಿಳಿ ಅಂಗಿ ತೊಟ್ಟರೆ ಮುಂದಿನ ಮದುವೆಗೆ ಸಿದ್ಧ. ಮೊದಮೊದಲು ಹೆಣದ ಮುಂದೆ ಅವರು ಅಳುತ್ತಿದ್ದರು, ನಾಟಕವಲ್ಲ, ನಿಜವಾಗಿ ಅಳುತ್ತಿದ್ದರು. ಅದು ಯಾವ ವರ್ಷ ನಿಂತಿತೋ ನಾನು ಗಮನಿಸಲಿಲ್ಲ. ಅಷ್ಟರಲ್ಲಿ ನನ್ನದೂ ನಿಂತಿತ್ತು.

ಸಾಹೇಬರಿಗೆ ಒಬ್ಬನೇ ತಮ್ಮ, ಹುಲುಗಣ್ಣ. ಅಪ್ಪ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷವಂತೆ. ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದು. ಅಣ್ಣ ಮೊದಲ ಸಲ ಚುನಾವಣೆಗೆ ನಿಂತಾಗ "ನೀ ಊರು ನೋಡಣ್ಣ, ಹೊಲ ನಾ ನೋಡ್ತೀನಿ" ಅಂದವನು ಮೂವತ್ತು ವರ್ಷ ಹೊಲ ಬಿಟ್ಟು ಕದಲಲಿಲ್ಲ. ನಾಮಪತ್ರದಲ್ಲಿ ಸಾಹೇಬರ ವೃತ್ತಿ 'ಕೃಷಿ' ಅಂತ ನಾನೇ ತುಂಬುತ್ತಿದ್ದೆ. ಪತ್ರಕರ್ತರು ಬರುವ ಮುಂಚೆ ಅವರು ತಮ್ಮನಿಗೆ ಫೋನ್ ಹಚ್ಚುವರು: "ಲೇ ಹುಲುಗ, ಈ ವರ್ಷ ನಾವು ಏನ್ ಬಿತ್ತೀವಿ?" ಅತ್ತಲಿಂದ ನಗು ಕೇಳಿಸುತ್ತಿತ್ತು. "ಶೇಂಗಾ ಹಾಕೀವಿ, ನಡುವ ತೊಗರಿ. ಮರ್ತುಗಿರ್ತೀಯ ಮತ್ತ!" ನಾನೂ ನಗುತ್ತಿದ್ದೆ.

ಕಳೆದ ಮೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ಹುಲುಗಣ್ಣನ ಹೆಂಡತಿ ಎರ್ರೆಮ್ಮಕ್ಕ ಫೋನ್ ಮಾಡಿದಳು. ಸಾಹೇಬರ ಫೋನು ಯಾವಾಗಲೂ ನನ್ನ ಹತ್ತಿರವೇ.

"ಕೊಟ್ರಸ್ವಾಮಿ, ಇವ್ರು ಹೋಗ್ಬಿಟ್ರಪ್ಪ. ಎದಿ ಹಿಡ್ಕೊಂಡು ಕುಂತ್ರು, ಅಷ್ಟ." ದನಿ ನಡುಗಲಿಲ್ಲ. "ಎರಡಕ್ಕ ಮಣ್ಣು. ನಮಗ ಗಂಡು ಮಕ್ಕಳಿಲ್ಲ, ಮೊದಲ್ನೇ ಮಣ್ಣು ಭಾವನ ಕೈಯಿಂದ್ಲೇ ಬೀಳ್ಬೇಕು. ಎಮ್ಮೆಲ್ಲೆ ಆಗಿ ಬರಬ್ಯಾಡ್ರಿ ಅಂತ ಹೇಳು. ಹಾರ-ಗೀರ ಏನೂ ಬ್ಯಾಡ. ಅಣ್ಣ ಆಗಿ ಬರ್ಲಿ."

ಮೂವತ್ತು ವರ್ಷದಲ್ಲಿ ಆ ಹೆಣ್ಣುಮಗಳು ಭಾವನನ್ನು ಕೇಳಿದ್ದು ಇದೊಂದೇ. ಒಂದಕ್ಷರ ಬಿಡದೆ ಸಾಹೇಬರಿಗೆ ಹೇಳಿದೆ. ಅವರು ಮುಂದಿದ್ದ ಚಹಾ ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು: "ಇವತ್ತು ಮತ್ತ ಯಾವ್ಯಾವು ಅದಾವ?"

ಕೊಟ್ಟೂರಿನಲ್ಲೊಂದು ಮಣ್ಣು, ಹರಪನಹಳ್ಳಿ ರಸ್ತೆಯಲ್ಲೊಂದು ಮಣ್ಣು, ಸಂಜೆ ಹಂಪಸಾಗರದಲ್ಲಿ ಕಾರ್ಯಕರ್ತನೊಬ್ಬನ ಮಗಳ ಗೋಧೂಳಿ ಲಗ್ನ.

"ಆ ಎರಡು ಮಣ್ಣು ಮುಗಿಸ್ಕೊಂಡ ಹೋಗೋಣು. ನಮ್ಮದು ನಮ್ಮ ಮನಿದ ಐತಲ್ಲ, ಎಲ್ಲಿ ಹೋಗ್ತೈತಿ?"

ಬೇಡ ಸರ್, ಸೀದಾ ಊರಿಗೇ ಹೋಗೋಣ ಅನ್ನಬೇಕಿತ್ತು ನಾನು. ಅನ್ನಲಿಲ್ಲ. ಹೂವಿನಂಗಡಿಗೆ ಫೋನ್ ಮಾಡಿ ಮೂರು ಹಾರಕ್ಕೆ ಹೇಳಿದೆ. ಬೇಡ ಅಂದಿದ್ದಳಲ್ಲ ಅಂತ ನೆನಪಾದದ್ದು ಹಾರ ಡಿಕ್ಕಿಗೆ ಬಂದ ಮೇಲೆ.

ಆ ಮಣ್ಣುಗಳನ್ನು ಮುಗಿಸಿ, ಎರಡಕ್ಕೆ ಐದು ನಿಮಿಷ ಇರುವಾಗ ಸಾಹೇಬರ ಊರು ಮುಟ್ಟಿದೆವು. ಹೆಣವನ್ನು ಅವರದೇ ಹೊಲದಲ್ಲಿ ತೋಡಿದ ಕುಣಿಯ ಹತ್ತಿರ ಇಟ್ಟುಕೊಂಡು ಕಾಯುತ್ತಿದ್ದರು. ಈ ಸಲ ನಾನು ಹಿಂದೆ ತಿರುಗಿ ಏನೂ ಹೇಳಲಿಲ್ಲ. ಸ್ವಂತ ತಮ್ಮನ ವಿಷಯ ಏನಂತ ಹೇಳುವುದು? ಜನ ದಾರಿ ಬಿಟ್ಟರು. ಸಾಹೇಬರು ಕೈ ಚಾಚಿದರು, ಗನ್‌ಮ್ಯಾನ್ ಹಾರ ಕೊಟ್ಟ. ಹಾಕಿದರು, ಕೈ ಮುಗಿದರು, ಎರ್ರೆಮ್ಮಕ್ಕ ಕೂತಿದ್ದ ಕಡೆ ಎರಡು ಹೆಜ್ಜೆ ಇಟ್ಟರು. ಇಟ್ಟವರು ನನ್ನ ಕಿವಿಯ ಕಡೆ ಬಾಗಿ ಕೇಳಿದರು:

"ಹೆಸ್ರೇನು?"

ಶಿವನೇ! ಅವರಿಗೆ ಮರೆವಿನ ಕಾಯಿಲೆಯೇನೂ ಇಲ್ಲ, ಯಾರೂ ತಪ್ಪು ತಿಳಿಯಬಾರದು. ಮೂವತ್ತು ವರ್ಷ ಹೆಸರು ಕೇಳಿಕೊಂಡೇ ಮಾತಾಡಿ ರೂಢಿಯಾದ ಬಾಯಿ, ತಾನಾಗಿ ಕೇಳಿಬಿಟ್ಟಿತು. ನಾನು ಚೇತರಿಸಿಕೊಳ್ಳುವ ಮೊದಲೇ ಎರ್ರೆಮ್ಮಕ್ಕ ಉತ್ತರ ಕೊಟ್ಟಳು.

"ಹುಲುಗಣ್ಣ ಅಂತ್ರಿ, ಸಾಹೇಬ್ರ. ಹೊಲ ಮಾಡ್ಕೊಂಡಿದ್ರು."

ಮದುವೆಯಾಗಿ ಬಂದ ದಿನದಿಂದ ಭಾವ ಅನ್ನುತ್ತಿದ್ದವಳು ಸಾಹೇಬ್ರ ಅಂದಳು. ಅದು ಅವರಿಗೆ ತಾಕಲೇ ಇಲ್ಲ. "ಹುಲುಗಣ್ಣ ಭಾಳ ಒಳ್ಳೆ ಮನುಷ್ಯ," ಅಂದರು. "ಧೈರ್ಯ ತಗೋಬೇಕಮ್ಮ. ನಾ ಅದೀನಿ."

ಎರ್ರೆಮ್ಮಕ್ಕ ಅವರ ಮುಖವನ್ನೇ ನೋಡಿದಳು. ಆಮೇಲೆ ಮಗಳನ್ನು ಕರೆದಳು. "ಲಕ್ಷ್ಮಿದೇವಿ, ಬಾರವ್ವ. ನಿಮ್ಮಪ್ಪಗ ನೀನ ಹಾಕು ಮಣ್ಣು. ಸಾಹೇಬ್ರಿಗೆ ಇನ್ನಾ ಬ್ಯಾರೆ ಊರು ಇರ್ತಾವ, ಹೊತ್ತು ಮಾಡಬಾರ್ದು."

ಸಾಹೇಬರು ನನ್ನ ಕಡೆ ತಿರುಗಿದರು. ಊರೂ ಇಲ್ಲ ಗೀರೂ ಇಲ್ಲ, ಕುಣಿ ಹತ್ರ ನಡೀರಿ ಅಂತ ನಾನು ಆಗ ಅಂದಿದ್ದರೆ ಸಾಕಿತ್ತು. ನನ್ನ ಬಾಯಲ್ಲಿ ಹುಳ ಬೀಳಲಿ, ನಾನು ಅಂದದ್ದೇನು? "ಹಂಪಸಾಗರ ಐತ್ರಿ ಸರ್, ಗೋಧೂಳಿ ಲಗ್ನ."

"ನಡಿ ಹಂಗಾರ," ಅಂದರು.

ಊರಾಚೆ ಕಾರು ನಿಂತಿತು. ಸಾಹೇಬರು ಕೈಕಾಲು ತೊಳೆದರು, ಅಂಗಿ ಬದಲಿಸಿದರು. ಕಾರು ಹಗರಿಬೊಮ್ಮನಹಳ್ಳಿ ದಾಟಿತು. ನನ್ನ ಎದೆಯೊಳಗೆ ಸಂಕಟವೂ ಇರಲಿಲ್ಲ, ಏನೂ ಇರಲಿಲ್ಲ. ಮುಂದಿನ ವಾರದ ಪಟ್ಟಿ ನೋಡುತ್ತ ಕೂತಿದ್ದೆ.

ಹಂಪಸಾಗರದ ಚಪ್ಪರದಲ್ಲಿ ಸಾಹೇಬರನ್ನು ಕಂಡು ಜನ ಗಕ್ಕನೆ ನಿಂತರು. ಸಾವಿನ ಸುದ್ದಿ ಮೊಬೈಲಿನಲ್ಲಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಮದುಮಗಳ ಅಪ್ಪ ಬೆವೆತುಹೋದ. ಬರಬೇಡಿ ಅನ್ನಲಾರ, ಬನ್ನಿ ಅನ್ನಲಾರ. ಯಾರೋ ತಟ್ಟೆ ಹಿಡಿದರು, ಸಾಹೇಬರು ಅಕ್ಕಿಕಾಳು ತೆಗೆದುಕೊಂಡು ವಧೂವರರ ತಲೆಯ ಮೇಲೆ ಕೈ ಎತ್ತಿದರು. ಆಗ ಮದುಮಗಳ ಅಜ್ಜಿ, ಬೊಮ್ಮಮ್ಮ ಅಂತ, ಮುಂದೆ ಬಂದು ಅವರ ಮಣಿಕಟ್ಟು ಹಿಡಿದಳು. ಶಾಸಕರ ಕೈ ಹಾಗೆ ಹಿಡಿದವರನ್ನು ನಾನು ನೋಡಿರಲಿಲ್ಲ.

"ಬ್ಯಾಡಪ್ಪ. ಒಡಹುಟ್ಟಿದೋನು ಸತ್ತು ಇನ್ನಾ ಒಂದು ದಿನ ಆಗಿಲ್ಲ. ಸೂತಕ ಐತಿ ನಿನಗ, ನೀ ಹಿಂಗ ತಿರುಗಬಾರ್ದು. ಮನಿಗೆ ಹೋಗಿ ಅಳು, ಹೋಗು."

ಬ್ಯಾಂಡಿನವರು ಬಾರಿಸುತ್ತಲೇ ಇದ್ದರು. ಸಾಹೇಬರು ಕೈ ಇಳಿಸಿದರು. ಅಲ್ಲೇ ಚಪ್ಪರದ ಕಂಬ ಹಿಡಿದು, ಶಾಮಿಯಾನದ ಜಮಖಾನೆಯ ಮೇಲೆ ಕುಸಿದು ಕೂತರು.

"ಕೊಟ್ರಸ್ವಾಮಿ," ಅಂದರು, ನನಗೆ ಗೊತ್ತಿಲ್ಲದ ಸುದ್ದಿ ಹೇಳುವವರ ಹಾಗೆ. "ನಮ್ಮ ಹುಲುಗ ಸತ್ತಾನಲೇ."

"ಹೌದ್ರಿ ಸರ್. ಗಾಡಿ ತಿರುಗಿಸ್ಲೇನ್ರಿ?"

"ಈಗ ಹೋಗಿ ಏನ್ ಮಾಡ್ಲಿ?" ಅಂದರು. "ಕುಣಿ ಮುಚ್ಚಿರ್ತಾರ."