ಗೋಡೆಯ ಹಿಂದಿನ ಗುಂಡಿ

ಹೊಳೆಗೆ ಕಟ್ಟಿದ ಕಲ್ಲುಗೋಡೆ ನೆಟ್ಟಗೆ ನಿಂತಿರುತ್ತದೆ. ಅದರ ಹಿಂದಿನ ನೆಲ ಮಾತ್ರ ಒಂದು ಮಳೆಗೆ ಕುಸಿದು ಕೂತಿರುತ್ತದೆ. ನಾವು ಒಂದು ಬುಟ್ಟಿ ಮಣ್ಣು ಸುರಿದು ಸುಮ್ಮನಾಗುತ್ತೇವೆ. ಅಗರದ ಹತ್ತಿರದ ಒಂದು ಹಳ್ಳಿಯಲ್ಲಿ ಚನ್ನಾಜಮ್ಮನೂ ಹಾಗೆಯೇ ಮಾಡುತ್ತಿದ್ದಳು.

ಆ ಊರಿನ ಹೊಳೆದಂಡೆಯಲ್ಲಿ ಮೊದಲು ನಾಲ್ಕು ಮನೆಗಳಿದ್ದವು. ಅರವತ್ತೊಂದನೇ ಇಸವಿಯ ನೆರೆ ಇಳಿದ ಮೇಲೆ ಊರವರು ದಂಡೆಗೆ ತಡೆಗೋಡೆ ಕಟ್ಟಿದರು. ಆದರೂ ಮೂರು ಮನೆಯವರು ಹೆದರಿ ಮೇಲಿನ ಬೀದಿಗೆ ಹೋದರು. ಚನ್ನಾಜಮ್ಮ ಹೋಗಲಿಲ್ಲ. ಅವಳ ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಒಂದು ಎಮ್ಮೆ ಇತ್ತು. ಮೇಲಿನ ಬೀದಿಯಲ್ಲಿ ಬಾವಿ ತೋಡಿದ ಮೇಲೆ ಹೆಂಗಸರು ಬಟ್ಟೆ ಒಗೆಯಲು ಹೊಳೆಗೆ ಬರುವುದೂ ನಿಂತುಹೋಯಿತು. ಎಷ್ಟೋ ದಿನ ಚನ್ನಾಜಮ್ಮ ಎಮ್ಮೆಯ ಜೊತೆಯಲ್ಲದೆ ಇನ್ನಾರ ಜೊತೆಗೂ ಮಾತಾಡದೆ ಮಲಗುತ್ತಿದ್ದಳು.

ಅರವತ್ತಾರರ ಮುಂಗಾರಿನಲ್ಲಿ ಗೋಡೆಯ ಹಿಂದೆ, ಅವಳ ಕೊಟ್ಟಿಗೆಯ ಪಕ್ಕ, ಮೊರದಗಲ ನೆಲ ಕುಸಿಯಿತು. ಅವಳು ಬೂದಿ, ಹುಲ್ಲು, ಹೆಂಚಿನ ಚೂರು ಹಾಕಿ, ಮೇಲೆ ಮಣ್ಣು ಸುರಿದು ತುಳಿದಳು. ಮುಂದಿನ ಮಳೆಗೆ ಅದಷ್ಟೂ ಮಾಯವಾಯಿತು. ಗೋಡೆಯಲ್ಲಿ ನೀರು ಸೋರಿಹೋಗಲೆಂದು ಅಲ್ಲಲ್ಲಿ ತೂತು ಬಿಟ್ಟಿದ್ದರು. ಮಣ್ಣು ಅಲ್ಲಿಂದಲೇ ಹೋಗುತ್ತಿದೆ ಎಂದುಕೊಂಡು ಅವಕ್ಕೆ ಹಳೇ ಬಟ್ಟೆ ತುರುಕಿ ಜೇಡಿಮಣ್ಣು ಮೆತ್ತಿದಳು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಪಂಚಾಯಿತಿ ಚೇರ್ಮನ್ ಕೆಂಪನಂಜಪ್ಪ ಮನೆ ಬಿಡಿಸುತ್ತಾರೆ ಎಂಬ ಭಯ. ಮೇಲಿನ ಬೀದಿಯಲ್ಲಿ ಇನ್ನೊಬ್ಬರ ಜಗಲಿಯ ಮೂಲೆಯಲ್ಲಿ ಮುದುಡಿಕೊಂಡಿರುವುದು ಅವಳಿಗೆ ಬೇಕಿರಲಿಲ್ಲ.

ಒಂದು ಮಧ್ಯಾಹ್ನ ಎಮ್ಮೆಯನ್ನು ಹೊರಗೆ ಕಟ್ಟಲು ಹಿಡಿದುಕೊಂಡು ಬಂದಳು. ಎಮ್ಮೆ ನಾಲ್ಕು ಹೆಜ್ಜೆ ಇಟ್ಟಿತಷ್ಟೇ, ಹಿಂಗಾಲಿನ ಕೆಳಗೆ ನೆಲ ಬಾಯಿಬಿಟ್ಟಿತು. ಸೊಂಟದವರೆಗೆ ಒಳಗಿಳಿದು ಅರಚಿತು. ಚನ್ನಾಜಮ್ಮ ಹಗ್ಗವನ್ನು ಬೇವಿನ ಮರಕ್ಕೆ ಸುತ್ತಿ ಹಿಡಿದುಕೊಂಡು ಕೂಗಿದಳು. ಊರವರೆಲ್ಲ ನಾಟಿಗೆ ಹೋಗಿದ್ದರು. ಹೊಳೆಯ ಸದ್ದಿನಲ್ಲಿ ಅವಳ ದನಿ ಅವಳಿಗೇ ಸರಿಯಾಗಿ ಕೇಳುತ್ತಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಆಮೇಲೆ ಎಮ್ಮೆಯ ಕೊರಳು ಸವರುತ್ತಾ ಸುಮ್ಮನೆ ಕೂತುಬಿಟ್ಟಳು.

ಬಿಸಿಲು ಇಳಿಯುವಾಗ, ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತಾ ಮಹಾಲಕ್ಷ್ಮಮ್ಮ ಆ ಕಡೆ ಬಂದಳು. ಮೊದಲು ಪಕ್ಕದ ಮನೆಯಲ್ಲಿದ್ದವಳು. ನೋಡಿದವಳೇ ಓಡಿಹೋಗಿ ಜನರನ್ನು ಕರೆತಂದಳು. ಅವರ ಜೊತೆ ಚೇರ್ಮನ್ನರೂ, ಬಿತ್ತನೆ ಬೀಜದ ವಿಷಯ ಹೇಳಲು ಬಂದಿದ್ದ ಗ್ರಾಮಸೇವಕ ಜಡೇಸ್ವಾಮಿಯೂ ಬಂದರು. ಹಗ್ಗ ಹಾಕಿ ಎಮ್ಮೆಯನ್ನು ಎಳೆದರು. ಹಿಂಗಾಲು ಮುರಿದಿತ್ತು.

"ಯಾಕವ್ವ, ಒಂದ್ ಮಾತು ಏಳ್ಬಾರ್ದಿತ್ತಾ?" ಎಂದಳು ಮಹಾಲಕ್ಷ್ಮಮ್ಮ.

"ಯಾರ್ಗವ್ವ ಏಳ್ಲಿ? ಇತ್ತಗ ಯಾರು ಬಂದಿದ್ದೀರಿ?"

ಮಹಾಲಕ್ಷ್ಮಮ್ಮ ಎಮ್ಮೆಯ ಮೈಮೇಲಿನ ಕೆಸರು ಒರೆಸತೊಡಗಿದಳು.

ಜಡೇಸ್ವಾಮಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಬೋರಲು ಮಲಗಿ ಗುಂಡಿಯೊಳಕ್ಕೆ ನೋಡಿದರು. ಗೋಡೆಯ ಬುಡದಲ್ಲಿ ಕಲ್ಲು ಜಾರಿ ಸಂದು ಬಿದ್ದಿತ್ತು. ಅದರಾಚೆ ಹೊಳೆಯ ನೀರು ಹೊಳೆಯುತ್ತಿತ್ತು.

"ಒಂಟಿ ಮನೆಗೋಸ್ಕರ ಊರೆಲ್ಲ ಕಲ್ಲು ಒರ್ಬೇಕೇನಪ್ಪ? ಅವ್ಳೇ ಮ್ಯಾಕ್ಕೆ ಬರ್ಲಿ ಬುಡು," ಎಂದರು ಕೆಂಪನಂಜಪ್ಪ.

ಜಡೇಸ್ವಾಮಿ ಒಂದು ಹಾರೆ ತೆಗೆದುಕೊಂಡು ಮನೆಯ ಹಿಂದಿನ ಗಾಡಿದಾರಿಗೆ ಹೋಗಿ ಚುಚ್ಚಿದರು. ಹಾರೆ ಅರ್ಧ ಇಳಿದುಹೋಯಿತು.

"ಯಜಮಾನ್ರೇ, ಪೊಳ್ಳು ಇಲ್ಲಿಗಂಟ ಬಂದದೆ. ನಾಳೆ ಬತ್ತದ ಗಾಡಿ ಇಲ್ಲೇ ಕುಸ್ದು ಕೂತ್ರೆ?"

ಕೆಂಪನಂಜಪ್ಪನವರು ನಂಬಲಿಲ್ಲ. ಹಾರೆ ಕಿತ್ತುಕೊಂಡು ಇನ್ನೊಂದು ಕಡೆ ತಾವೇ ಚುಚ್ಚಿದರು. ಅಲ್ಲೂ ಇಳಿಯಿತು. ಹಾರೆ ಎಳೆದು ಕೆಳಗಿಟ್ಟು, "ಏನ್ ಮಾಡ್ಬೇಕು, ಏಳಪ್ಪ," ಎಂದರು.

ಚನ್ನಾಜಮ್ಮ ಮೆಲ್ಲಗೆ ಕೇಳಿದಳು: "ತೂತೆಲ್ಲ ಮುಚ್ಚಿದ್ನಲ್ಲ ಸಾ, ಆದ್ರೂ ಮಣ್ಣು ಯಾಕೋಯ್ತು?"

"ಅವು ನೀರು ಓಗೋ ದಾರಿ ಕಣವ್ವ. ಬೀದಿ ನೀರೆಲ್ಲ ಇಳ್ದು ಬಂದು ಗೋಡೆ ಇಂದೆ ನಿಲ್ತದೆ. ತೂತು ಮುಚ್ಚಿದ್ರೆ ಅದು ಬುಡದಲ್ಲಿ ಸಂದು ಉಡ್ಕತದೆ, ಓಗ್ತಾ ಮಣ್ಣೂ ತಕಂಡು ಓಯ್ತದೆ. ನೀರು ಓಗ್ಬೇಕು, ಮಣ್ಣು ನಿಲ್ಬೇಕು. ಅಂಗೆ ಮಾಡಾದು ಕಲೀಬೇಕು. ನಿಮ್ಗೆ ಯಾರೂ ಏಳ್ಕೊಟ್ಟಿಲ್ಲ, ಅಷ್ಟೆಯ."

ಅಂದೇ ಗುಂಡಿಯ ಸುತ್ತ ದೂರಕ್ಕೆ ಮುಳ್ಳುಬೇಲಿ ಹಾಕಿದರು. ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿದರು. ಎಮ್ಮೆ ಬದುಕಲಿಲ್ಲ. ಕೊಟ್ಟಿಗೆ ಬರಿದಾದ ಮೇಲೆ ಚನ್ನಾಜಮ್ಮನಿಗೆ ಬೆಳಿಗ್ಗೆ ಏಳುವುದಕ್ಕೆ ಕಾರಣವೇ ಇಲ್ಲದಂತಾಯಿತು. ಮಹಾಲಕ್ಷ್ಮಮ್ಮ ಆಗಾಗ ಬಂದು ಹೊಸ್ತಿಲ ಮೇಲೆ ಕೂತು ಹೋಗುತ್ತಿದ್ದಳು.

ಹೊಳೆ ಇಳಿದ ಮೇಲೆ ತಾಲ್ಲೂಕಿನಿಂದ ಓವರ್ಸಿಯರ್ ಬಂದು, ಗೋಡೆ ನೋಡಿ, ವಾಲಿಲ್ಲ ಎಂದು ಹೇಳಿದರು. ಊರವರು ಶ್ರಮದಾನಕ್ಕೆ ಇಳಿದರು. ಸಡಿಲ ಮಣ್ಣು, ಕೊಳೆತ ಹುಲ್ಲು ಎಲ್ಲವನ್ನೂ ಗಟ್ಟಿ ನೆಲ ಸಿಗುವವರೆಗೆ ತೆಗೆದರು. ಬುಡದ ಸಂದಿಗೆ ಕಲ್ಲು ಕೂರಿಸಿ ಸಿಮೆಂಟು ಗಾರೆ ಹಾಕಿದರು, ಹೊಳೆಯ ಕಡೆ ಬುಡಕ್ಕೆ ದಪ್ಪ ಗುಂಡುಕಲ್ಲುಗಳನ್ನು ಒತ್ತಿ ಇಟ್ಟರು. ಮುಚ್ಚಿದ್ದ ತೂತುಗಳನ್ನು ಚನ್ನಾಜಮ್ಮ ತಾನೇ ಕೂತು ಬಿಡಿಸಿದಳು. ಗೋಡೆಗೆ ಒತ್ತಿ ದಪ್ಪ ಕಲ್ಲು, ಅದರ ಹಿಂದೆ ಸಣ್ಣ ಜಲ್ಲಿ, ಅದರ ಹಿಂದೆ ಮರಳು, ಆಮೇಲೆ ಮಣ್ಣು ತುಂಬಿದರು. ಮಣ್ಣನ್ನೂ ಒಮ್ಮೆಲೇ ಸುರಿಯಲಿಲ್ಲ. ಗೇಣು ದಪ್ಪ ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಗಟ್ಟಿಮಾಡಿ, ಮತ್ತೆ ಗೇಣು ದಪ್ಪ ಹಾಕಿದರು. ಬೀದಿಯ ನೀರು ದೂರ ಹೋಗುವಂತೆ ಮೇಲೆ ಚರಂಡಿ ತೋಡಿ, ಗರಿಕೆ ನೆಟ್ಟರು.

ಕೆಲಸ ನಡೆದಷ್ಟು ದಿನ ಅವಳ ಬಾಗಿಲಲ್ಲಿ ಜನರ ಸದ್ದಿತ್ತು. ಎಮ್ಮೆ ಇಲ್ಲದ್ದರಿಂದ ಅವಳು ಬೇರೆಯವರ ಮನೆಯಿಂದ ಮಜ್ಜಿಗೆ ತಂದು ಅವರಿಗೆ ಕೊಟ್ಟಳು. ಕೆಲಸ ಮುಗಿದ ಸಂಜೆ ಎಲ್ಲರೂ ಗುದ್ದಲಿ ಹೊತ್ತು ಮೇಲಕ್ಕೆ ಹೋದರು. ಅವಳು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

ಮರುವರ್ಷ ಹೊಳೆ ತುಂಬಿ ಬಂತು, ಇಳಿಯಿತು. ಬೆಳಿಗ್ಗೆ ಅವಳು ಕೋಲಿನಿಂದ ನೆಲ ಕುಟ್ಟಿ ನೋಡಿದಳು. ಗಟ್ಟಿಯಾಗಿತ್ತು. ತೂತುಗಳಿಂದ ತಿಳಿನೀರು ತೊಟ್ಟಿಕ್ಕುತ್ತಿತ್ತು. ಒಂದು ಕಡೆ ಮಾತ್ರ ನೀರು ಕೆಂಪಗೆ ಬರುತ್ತಿತ್ತು. ಈ ಸಲ ಅವಳು ತೂತಿಗೆ ತುರುಕಲು ಬಟ್ಟೆ ಹುಡುಕಲಿಲ್ಲ. ಸೆರಗು ಹೊದ್ದು ಮೇಲಿನ ಬೀದಿಗೆ ನಡೆದಳು. ಕೆಂಪನಂಜಪ್ಪನವರ ಬಾಗಿಲಿಗೇ ಹೋಗಿ, "ಒಂದ್ಕಡೆ ಮಣ್ಣು ಬತ್ತಾ ಅದೆ, ಬಂದು ನೋಡ್ರಪ್ಪ," ಎಂದಳು. ಅವರು ಎಲೆಅಡಿಕೆ ಉಗುಳಿ, ಹಾರೆ ಹುಡುಕಿಕೊಂಡು ಅವಳ ಹಿಂದೆ ಹೊರಟರು.

ಓದುವವರೇ, ಕೇಳುವವರೇ, ನಿಮ್ಮೂರಿನ ಹೊಳೆಗೋ ಕೆರೆಗೋ ಕಟ್ಟಿದ ಗೋಡೆಯ ಹಿಂದೆ ನೆಲ ಕುಸಿದಿದ್ದರೆ ಕಸ, ಹುಲ್ಲು ತುಂಬಬೇಡಿ. ನೀರಿನ ತೂತು ಮುಚ್ಚಬೇಡಿ. ಮೊದಲು ಬೇಲಿ ಹಾಕಿ, ಮಕ್ಕಳನ್ನೂ ದನಗಳನ್ನೂ ದೂರವಿಡಿ. ಗೋಡೆ ವಾಲಿದ್ದರೆ ಹತ್ತಿರ ಹೋಗದೆ ಓವರ್ಸಿಯರನ್ನು ಕರೆಸಿ. ಪಂಚಾಯಿತಿಗೆ ಇವತ್ತೇ ತಿಳಿಸಿ. ಮತ್ತು ದಂಡೆಯಲ್ಲಿ ಒಬ್ಬರೇ ಇರುವವರ ಮನೆಯ ಕಡೆ, ಮೇಕೆ ತಪ್ಪಿಸಿಕೊಳ್ಳದಿದ್ದರೂ, ಒಮ್ಮೆ ಹೋಗಿ ಬನ್ನಿ.