ಮೀಸಲು ತುಪ್ಪ

"ಲೇ ರಂಗೇಶ, ನೆಕ್ಕಬ್ಯಾಡ್ಲೇ."

ಕೀರ್ತನಾ ಹೇಳುವಷ್ಟರಲ್ಲಿ ರಂಗೇಶ್ ಬೆರಳು ನೆಕ್ಕಿಯಾಗಿತ್ತು. "ಏನ್ ಘಮ ಐತೆ ನಿಮ್ಮನೆ ತುಪ್ಪ. ಸಾರ್, ಇದ್ರಾಗೆ ಕೊಬ್ಬು ಪಕ್ಕಾ ಐತೆ. ಹಾಳೆ ಯಾಕೆ, ನಾಲಿಗೇನೇ ಹೇಳ್ತೈತೆ."

ಏಳನೇ ತರಗತಿಯೆಲ್ಲ ನಕ್ಕಿತು. ಬಾಲರಾಜು ಮೇಷ್ಟ್ರು ತುಪ್ಪ ಉಜ್ಜಿದ ಹಾಳೆಯನ್ನು ಕಿಟಕಿಗೆ ಹಿಡಿದು, ಬೆಳಕು ಹಾಯುವ ಕಲೆಯನ್ನು ತೋರಿಸಿದರು. ಆಮೇಲೆ ಆಲೂಗಡ್ಡೆಗೆ ಅಯೋಡಿನ್ ಹನಿಸಿದರು, ಅದು ನೀಲಿಗಪ್ಪಾಯಿತು. ಕೀರ್ತನಾಳಿಗೆ ಯಾವುದರ ಮೇಲೂ ಗಮನ ನಿಲ್ಲಲಿಲ್ಲ.

ಮತ್ತೋಡಿನ ಅವರ ಮನೆಯಲ್ಲಿ ಹಸು ಕರು ಹಾಕಿದರೆ ಮೊದಲು ಬೆಣ್ಣೆ ಕೂಡಿಟ್ಟು ಕಾಯಿಸಿದ ತುಪ್ಪ ದನಕರು ಕಾಯುವ ದೇವರು ಜುಂಜಪ್ಪನಿಗೆ ಮೀಸಲು. ಎಡೆಯಾಗುವವರೆಗೆ ಯಾರೂ ಬಾಯಿಗೆ ಮುಟ್ಟಿಸುವಂತಿಲ್ಲ; ಒಂದು ಹನಿ ಬಾಯಿಗೆ ಹೋದರೂ ಗಡಿಗೆಯೆಲ್ಲ ಎಂಜಲು. ಅಜ್ಜಿ ಓಬವ್ವ ಹದ ನೋಡಲೆಂದು ಮೂಸಿಯೂ ಇರಲಿಲ್ಲ. ಪ್ರಯೋಗಕ್ಕೆ ಮನೆಯಿಂದ ಏನಾದರೂ ತನ್ನಿ ಎಂದಿದ್ದರು ಮೇಷ್ಟ್ರು. ಬೆಳಿಗ್ಗೆ ಅಜ್ಜಿ ನೀರಿಗೆ ಹೋದಾಗ ಕೀರ್ತನಾ ಗಡಿಗೆಯಿಂದ ಒಂದು ಚಮಚ ತೆಗೆದಿದ್ದಳು. ತಿನ್ನುವುದಲ್ಲವಲ್ಲ, ಹಾಳೆಗೆ ಉಜ್ಜುವುದಷ್ಟೇ ಎಂದುಕೊಂಡಿದ್ದಳು.

ಎಡೆ ಇವತ್ತೇ ಸಂಜೆ. ಮನೆಗೆ ಬಂದವಳು ಚೀಲ ಇಟ್ಟಳು, ಎತ್ತಿದಳು, ಹಿತ್ತಿಲಿಗೆ ಹೋದಳು, ಮತ್ತೆ ಬಂದಳು.

"ಕಾಲಿಗೆ ಇರುವೆ ಹತ್ಯಾವೇನೇ? ಒಂದ್ಕಡೆ ಕುಂತ್ಕ" ಎಂದಳು ಅಜ್ಜಿ. ದೇವರ ಗೂಡಿನ ಮುಂದೆ ಕುಳಿತು, ಜುಂಜಪ್ಪನ ಪದ ಹೇಳಿಕೊಳ್ಳುತ್ತಾ ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಗಂಟು ಸಡಿಲವಾಯಿತು.

"ಅಜ್ಜಿ, ಇಡಬ್ಯಾಡ. ಅದು ಎಂಜಲಾಗೈತೆ."

ಪದ ನಿಂತಿತು.

"ಯಾರ್ ತಿಂದ್ರು?"

"ರಂಗೇಶ. ಇಸ್ಕೂಲಾಗೆ. ತಗಂಡೋಗಿದ್ದು ನಾನೇ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೇವರ ಮುಂದೆ ಹಣೆ ನೆಲಕ್ಕೆ ಹಚ್ಚಿ ಎದ್ದು, ಗಡಿಗೆಯನ್ನು ಒಲೆಯ ಹತ್ತಿರ ತಂದಳು. ತಟ್ಟೆಗೆ ಬಿಸಿ ಮುದ್ದೆ ಹಾಕಿ, ನಡುವೆ ಗುಳಿ ಮಾಡಿ, ತುಪ್ಪ ಸುರಿದಳು.

"ಇನ್ನು ಇದು ಮನುಷ್ಯರದು. ಉಣ್ಣು."

"ದೇವರಿಗೆ?"

"ಮೊದ್ಲಿಂದ ಕೂಡಿಡಾದು. ಹಸ ಕರಿತೈತಲ್ಲ."

ತಂಬಿಗೆ ತೊಳೆದುಕೊಂಡು ಕೊಟ್ಟಿಗೆಗೆ ಹೋದಳು. ತುಪ್ಪ ಗುಳಿ ತುಂಬಿ ಮುದ್ದೆಯ ಅಂಚಿಗಿಳಿಯಿತು. ಕೀರ್ತನಾ ಕೈ ಇಕ್ಕದೆ ಕೊಟ್ಟಿಗೆಯ ಕಡೆಗೆ ಕಿವಿಯಿಟ್ಟು ಕೂತಳು. ಖಾಲಿ ತಂಬಿಗೆಯ ತಳಕ್ಕೆ ಹಾಲು ಬೀಳುವ ಸದ್ದು ಕೇಳಿತು. ಅಜ್ಜಿಯ ಪದ ಮಾತ್ರ ಕೇಳಲಿಲ್ಲ.